ತಿಳಿನೀರಿನಲ್ಲಿ ಅಡಗಿದ ಕೇಡು

ಪರಸ್ಥಳದಲ್ಲಿ ನೆಲೆಸಿದ ನಾವು ನಾಲ್ಕು ಮಂದಿ ಕನ್ನಡಿಗರು ಒಂದೆಡೆ ಕೂಡಿದೆವೆಂದರೆ, ಊಟ ತಿಂಡಿಯ ಮಾತು ಮುಗಿದ ಮೇಲೆ ನೀರಿನ ಮಾತು ಬಾರದೆ ಇರದು. ಮುಂಬಯಿಯ ನಲ್ಲಿ ನೀರಿಗೆ ಔಷಧಿಯ ವಾಸನೆ, ಚೆನ್ನೈಯ ಬಾವಿಯ ನೀರು ಉಪ್ಪುಪ್ಪು, ದೆಹಲಿಯಲ್ಲಿ ಬೇಸಗೆ ಬಂತೆಂದರೆ ಟ್ಯಾಂಕರಿನ ದಾರಿ ಕಾಯುವುದೇ ಗತಿ. ಹೀಗೆ ಒಬ್ಬೊಬ್ಬರ ದೂರೂ ಮುಗಿದ ಮೇಲೆ ಯಾರಾದರೊಬ್ಬರು ನಿಟ್ಟುಸಿರು ಬಿಟ್ಟು, "ಏನೇ ಹೇಳಿ, ನಮ್ಮೂರ ನೀರಿನ ರುಚಿ ಇಲ್ಲಿ ಬರಲಾರದು" ಎನ್ನುತ್ತಾರೆ. ಮಿಕ್ಕವರೆಲ್ಲರೂ ತಲೆದೂಗುತ್ತಾರೆ.

ತಲೆದೂಗುವುದು ಸಹಜವೇ. ಹುಟ್ಟಿದೂರಿನ ನೀರಿನ ಮೇಲಣ ಮೋಹ ಯಾರಿಗೆ ತಾನೆ ಇಲ್ಲ? ಆದರೆ ಅದೇ ಕೂಟದಲ್ಲಿ, ಅದೇ ಹೊತ್ತಿನಲ್ಲಿ, ಬೇರೆ ಕೆಲವು ಮಾತುಗಳೂ ಬರುತ್ತವೆ. "ಊರಲ್ಲಿ ಅಪ್ಪನಿಗೆ ಸೊಂಟ ಬಗ್ಗುವುದೇ ಇಲ್ಲ, ವಾತವಂತೆ." "ತಂಗಿಯ ಮಗಳು ಲಕ್ಷಣವಾಗಿದ್ದಾಳೆ, ಆದರೆ ಹಲ್ಲು ಕಂದು. ಬಂದ ಗಂಡಿನವರು ಹಾಗೆಯೇ ಎದ್ದು ಹೋದರು." ಈ ಮಾತಿಗೂ ಮೊದಲಿನ ಮಾತಿಗೂ ನಂಟಿರಬಹುದೆಂದು ನಮಗೆ ಹೊಳೆಯುವುದಿಲ್ಲ. ಬಯಲುಸೀಮೆಯ ಅನೇಕ ಊರುಗಳಲ್ಲಿ ಆ ನಂಟು ನಿಜವಾಗಿಯೂ ಉಂಟು. ನಾವು ಹೊಗಳಿದ ಆ ತಿಳಿನೀರಿನಲ್ಲೇ ಸೊಂಟದ ಬಿಗಿತವೂ ಹಲ್ಲಿನ ಕಲೆಯೂ ಅಡಗಿರಬಹುದು. ಅಡಗಿರುವ ಆ ವಸ್ತುವಿನ ಹೆಸರು ಫ್ಲೋರೈಡ್.

ಇದರ ವಿಚಾರವನ್ನು ನಮ್ಮ ಕುಟುಂಬಗಳ ಮುಂದಿಡಲು ಕಾರಣ ಒಂದೇ. ಈ ಕೇಡು ಒಮ್ಮೆ ಬಂದರೆ ಹೋಗುವಂಥದಲ್ಲ. ಆದರೆ ಬಾರದಂತೆ ತಡೆಯುವುದು ಪೂರ್ತಿಯಾಗಿ ಮನುಷ್ಯನ ಕೈಯಲ್ಲಿದೆ. ತಡೆಯಬೇಕಾದರೆ ಮೊದಲು ತಿಳಿಯಬೇಕು.

ಏನಿದು ಫ್ಲೋರೈಡ್?

ಫ್ಲೋರಿನ್ ಎಂಬ ಮೂಲವಸ್ತು ಬೇರೆ ಧಾತುಗಳೊಡನೆ ಕೂಡಿ ಆಗುವ ಲವಣಕ್ಕೆ ಫ್ಲೋರೈಡ್ ಎನ್ನುತ್ತಾರೆ. ಇದು ಯಾವುದೋ ಕಾರ್ಖಾನೆಯಿಂದಲೇ ಬರಬೇಕೆಂದಿಲ್ಲ. ನಮ್ಮ ಕಾಲ ಕೆಳಗಿನ ಬಂಡೆಯಲ್ಲೇ ಇದೆ. ಗ್ರಾನೈಟು, ನೈಸು ಮುಂತಾದ ಗಟ್ಟಿ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್ ಎಂಬ ಖನಿಜಗಳಿರುತ್ತವೆ. ನೆಲದೊಳಗಿನ ನೀರು ಈ ಶಿಲೆಗಳ ಬಿರುಕುಗಳಲ್ಲಿ ವರ್ಷಾನುಗಟ್ಟಲೆ ನಿಂತಾಗ, ಬೆಲ್ಲದ ಉಂಡೆಯಿಂದ ನೀರಿಗೆ ಸಿಹಿ ಇಳಿಯುವ ಹಾಗೆ, ಖನಿಜದೊಳಗಿನ ಫ್ಲೋರೈಡು ನೀರಿಗೆ ಇಳಿಯುತ್ತದೆ. ಮಳೆ ಕಡಮೆಯಾಗಿರುವ ಸೀಮೆಯಲ್ಲಿ ಹೊಸ ನೀರು ಬಂದು ಹಳೆಯದನ್ನು ತಿಳಿಗೊಳಿಸುವುದಿಲ್ಲ. ಸುಣ್ಣದ ಅಂಶ ಕಡಮೆಯಾಗಿ ಸೋಡದ ಅಂಶ ಹೆಚ್ಚಿರುವ ಮೆದು ನೀರಿನಲ್ಲಂತೂ ಫ್ಲೋರೈಡು ಇನ್ನೂ ಸಲೀಸಾಗಿ ಕರಗುತ್ತದೆ.

ಇಲ್ಲಿ ಒಂದು ವಿಚಿತ್ರವುಂಟು. ಉಪ್ಪು ನೀರನ್ನು ನಾಲಗೆ ಹಿಡಿಯುತ್ತದೆ, ಕೆಸರು ನೀರನ್ನು ಕಣ್ಣು ಹಿಡಿಯುತ್ತದೆ, ಕೊಳೆತ ನೀರನ್ನು ಮೂಗು ಹಿಡಿಯುತ್ತದೆ. ಫ್ಲೋರೈಡು ಮಾತ್ರ ಈ ಮೂವರ ಕೈಗೂ ಸಿಗುವುದಿಲ್ಲ. ಅದು ಬೆರೆತ ನೀರು ಸ್ಫಟಿಕದಂತೆ ತಿಳಿಯಾಗಿರಬಹುದು, ಕುಡಿಯಲು ಹಿತವಾಗಿರಬಹುದು, ಬೇಳೆ ಬೇಯಲೂ ಬಟ್ಟೆ ಒಗೆಯಲೂ ಚೆನ್ನಾಗಿರಬಹುದು. ಆದ್ದರಿಂದಲೇ 'ನೀರು ಒಳ್ಳೆಯದು' ಎಂದು ನಮ್ಮ ಹಿರಿಯರು ಕೊಟ್ಟ ತೀರ್ಪು, ಬೇರೆಲ್ಲ ವಿಷಯದಲ್ಲಿ ಸರಿಯಾದದ್ದು, ಈ ಒಂದು ವಿಷಯದಲ್ಲಿ ಸಾಲದಾಗುತ್ತದೆ.

ಎಷ್ಟಿದ್ದರೆ ತಪ್ಪು? ಭಾರತೀಯ ಮಾನಕ ಬ್ಯೂರೋ ೨೦೧೨ರಲ್ಲಿ ಗೊತ್ತುಮಾಡಿದ ಅಳತೆಯಂತೆ ಲೀಟರು ನೀರಿಗೆ ೧ ಮಿಲಿಗ್ರಾಂ ಫ್ಲೋರೈಡಿನವರೆಗೆ ಅಡ್ಡಿಯಿಲ್ಲ. ಬೇರೆ ನೀರೇ ದೊರೆಯದಿದ್ದರೆ ೧.೫ ಮಿಲಿಗ್ರಾಂವರೆಗೆ ಸೈರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ ೧.೫ ಮಿಲಿಗ್ರಾಮೇ. ಈ ಲೆಕ್ಕ ಎಷ್ಟು ಸಣ್ಣದೆಂಬುದನ್ನು ಹೀಗೆ ತಿಳಿಯಬಹುದು: ನಮ್ಮ ಮಾಳಿಗೆಯ ಮೇಲಿನ ಸಾವಿರ ಲೀಟರಿನ ಟ್ಯಾಂಕಿಗೆ ಒಂದೂವರೆ ಗ್ರಾಂ ಫ್ಲೋರೈಡು ಬಿದ್ದರೆ ಮಿತಿ ಮುಟ್ಟಿತು. ಎರಡು ಬೆರಳ ತುದಿಯಲ್ಲಿ ಹಿಡಿಯುವಷ್ಟೇ ಮಾಲು! ಅಷ್ಟರಲ್ಲಿ ಏನಾದೀತು ಎನ್ನಬೇಡಿರಿ. ಲೀಟರಿಗೆ ೪ ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ ಮೂರು ಲೀಟರು ಕುಡಿದವನ ಹೊಟ್ಟೆಗೆ ೧೨ ಮಿಲಿಗ್ರಾಂ ಹೋಯಿತು. ಬೇಸಗೆಯಲ್ಲಿ ಹೊಲದಲ್ಲಿ ದುಡಿಯುವವನು ಆರು ಲೀಟರು ಕುಡಿಯುತ್ತಾನೆ, ಅವನ ಪಾಲು ೨೪. ಅನ್ನ, ಸಾರು, ಚಹಾದ ಮೂಲಕ ಬಂದದ್ದು ಬೇರೆ. ಒಂದು ದಿನದ ಮಾತಲ್ಲ, ವರ್ಷ ವರ್ಷದ ಮಾತು ಇದು.

ಹಾಗೆಂದು ಫ್ಲೋರೈಡು ಬರಿಯ ಶತ್ರುವೂ ಅಲ್ಲ. ಮಿತಿಯೊಳಗಿದ್ದರೆ ಅದು ಹಲ್ಲಿಗೆ ಹುಳುಕು ಹಿಡಿಯದಂತೆ ಕಾಯುತ್ತದೆ. ಮಿತಿ ಮೀರಿತೋ, ಕಾಯುವ ಕೈಯೇ ಕೆಡಿಸುವ ಕೈಯಾಗುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇದಕ್ಕೆ ಸರಿಯಾಗಿ ಒಪ್ಪುತ್ತದೆ.

ಹಲ್ಲು ಹೇಳುವ ಕಥೆ

ಈ ಗುಟ್ಟು ಮೊದಲು ಬಯಲಾದದ್ದು ದೂರದ ಅಮೆರಿಕೆಯಲ್ಲಿ. ೧೯೦೧ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಕೊಲೊರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದು ವೃತ್ತಿ ಆರಂಭಿಸಿದನು. ಅಲ್ಲೇ ಹುಟ್ಟಿ ಬೆಳೆದ ಬಹು ಮಂದಿಯ ಹಲ್ಲಿನಲ್ಲಿ ಕಂದು ಕಲೆಗಳು. ಹಂದಿಮಾಂಸ ಹೆಚ್ಚು ತಿಂದದ್ದರಿಂದ ಎಂದು ಕೆಲವರು, ಕೆಟ್ಟ ಹಾಲಿನಿಂದ ಎಂದು ಕೆಲವರು, ಹೀಗೆ ಊರವರದು ತಲೆಗೊಂದು ಕಾರಣ. ಮೆಕೇ ಮೂರು ದಶಕಗಳ ಕಾಲ ಇದರ ಬೆನ್ನು ಹತ್ತಿದನು. ಕೊನೆಗೆ ೧೯೩೧ರಲ್ಲಿ ಅಲ್ಯುಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಚರ್ಚಿಲ್ ಎಂಬವನು, ಇಂಥದೇ ಕಲೆಗಳಿದ್ದ ಬಾಕ್ಸೈಟ್ ಎಂಬ ಊರಿನ ನೀರನ್ನು ಪರೀಕ್ಷಿಸಿ ಫ್ಲೋರೈಡನ್ನು ಕಂಡುಹಿಡಿದನು. ಕಲೆಯ ಹಲ್ಲಿಗೆ ಹುಳುಕು ಹತ್ತುವುದು ಕಡಮೆಯೆಂದು ಮೆಕೇ ಮೊದಲೇ ಗಮನಿಸಿದ್ದನು. ಅದರ ಜಾಡು ಹಿಡಿದೇ ೧೯೪೫ರಲ್ಲಿ ಗ್ರಾಂಡ್ ರ‍್ಯಾಪಿಡ್ಸ್ ನಗರದವರು ನೀರಿಗೆ ಅಳತೆಯಂತೆ ಫ್ಲೋರೈಡು ಬೆರೆಸಿದರು. ಅವರ ನೀರಿನಲ್ಲಿ ಅದು ಕಡಮೆ, ಆದ್ದರಿಂದ ಬೆರೆಸಿದರು. ನಮ್ಮ ಬಯಲುಸೀಮೆಯಲ್ಲಿ ಅದು ಹೆಚ್ಚು, ಆದ್ದರಿಂದ ತೆಗೆಯಬೇಕು. ಪರದೇಶದ ಪುಸ್ತಕವನ್ನೋ ಜಾಹೀರಾತನ್ನೋ ಓದುವಾಗ ಈ ಭೇದವನ್ನು ಮರೆಯಬಾರದು.

ಹಲ್ಲಿಗೆ ಕಲೆ ಬರುವ ಬಗೆಯನ್ನು ತಾಯಂದಿರು ಚೆನ್ನಾಗಿ ತಿಳಿಯಬೇಕು. ಮಗುವಿನ ಕಾಯಂ ಹಲ್ಲುಗಳು ವಸಡಿನೊಳಗೆ ಮೈದಳೆಯುವುದು ಹುಟ್ಟಿದಂದಿನಿಂದ ಸುಮಾರು ಎಂಟು ವರ್ಷದವರೆಗೆ. ಆಗ ಹೆಚ್ಚು ಫ್ಲೋರೈಡು ದೇಹಕ್ಕೆ ಸೇರಿದರೆ ಹಲ್ಲಿನ ಮೇಲಿನ ಹೊಳಪಿನ ಕವಚ ಸರಿಯಾಗಿ ಕಟ್ಟುವುದಿಲ್ಲ. ಮೊದಲು ಸೀಮೆಸುಣ್ಣದಂಥ ಬಿಳಿ ಮಚ್ಚೆ, ಹೆಚ್ಚಾದರೆ ಹಳದಿ, ಇನ್ನೂ ಹೆಚ್ಚಾದರೆ ಕಂದು ಗೆರೆ, ಕೊನೆಗೆ ಹಲ್ಲಿನ ಮೇಲೆ ಗುಳಿ. ಎಂಟು ವರ್ಷ ಕಳೆದು ಹಲ್ಲು ಪೂರ್ತಿಯಾದವನು ಇಂಥ ನೀರು ಕುಡಿದರೆ ಮೂಳೆ ಕೆಟ್ಟೀತೇ ಹೊರತು ಹಲ್ಲಿಗೆ ಹೊಸ ಕಲೆ ಬಾರದು. ಆದ್ದರಿಂದ ಹಲ್ಲೆಂಬುದು ಬಾಲ್ಯದಲ್ಲಿ ಕುಡಿದ ನೀರಿನ ದಾಖಲೆ ಪುಸ್ತಕ.

ನಮ್ಮಂಥ ವಲಸೆಯ ಕುಟುಂಬಗಳು ಇಲ್ಲಿ ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಗಂಡಹೆಂಡಿರಿಬ್ಬರೂ ನೌಕರಿಗೆ ಹೋಗುವ ಮನೆಯಲ್ಲಿ ಹಸುಳೆಯನ್ನು ಎರಡು ಮೂರು ವರ್ಷ ಊರಿನಲ್ಲಿ ಅಜ್ಜಿಯ ಹತ್ತಿರ ಬಿಡುವುದುಂಟು. ಆ ಮಗು ಶಾಲೆಗೆ ಸೇರಲು ಪುಣೆಗೋ ಮುಂಬಯಿಗೋ ಬಂದ ಮೇಲೆ, ಏಳನೆಯ ವಯಸ್ಸಿನಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡಿದಾಗ, ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ ಕಾಣುತ್ತದೆ. ನಗರದ ನೀರನ್ನು ದೂರುತ್ತೇವೆ, ತಿಂದ ಚಾಕಲೇಟನ್ನು ದೂರುತ್ತೇವೆ. ಎಲ್ಲಕ್ಕಿಂತ ಹೆಚ್ಚಾಗಿ ಮಗುವನ್ನು ದೂರುತ್ತೇವೆ. ಸರಿಯಾಗಿ ಹಲ್ಲುಜ್ಜುವುದಿಲ್ಲವೆಂದು ಗದರಿಸಿ, ಬೂದಿಯಿಂದಲೋ ಇದ್ದಿಲ ಪುಡಿಯಿಂದಲೋ ಉಜ್ಜಿಸಿ ವಸಡಿನಲ್ಲಿ ರಕ್ತ ಬರಿಸುತ್ತೇವೆ. ಪಾಪ, ಆ ಮಗುವಿನ ತಪ್ಪೇನು? ಕಲೆ ಹಲ್ಲಿನ ಮೇಲೆ ಅಂಟಿದ್ದಲ್ಲ, ಹಲ್ಲಿನೊಳಗೇ ನೆಯ್ದದ್ದು. ಉಜ್ಜಿದರೆ ಹೋಗದು. ಎಲೆಯಡಿಕೆಯ ಕರೆಗೂ ಇದಕ್ಕೂ ಭೇದ ಕಾಣುವುದು ಸುಲಭ. ಫ್ಲೋರೈಡಿನ ಕಲೆ ಸಾಮಾನ್ಯವಾಗಿ ಬಾಯಿಯ ಎಡಬಲಗಳ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ ಕಾಣುತ್ತದೆ, ಅಡ್ಡಗೆರೆಗಳಾಗಿ ಹರಡಿರುತ್ತದೆ. ಅಂಥ ಮಗುವನ್ನು ದಂತವೈದ್ಯರಿಗೆ ತೋರಿಸಿರಿ. ಕಲೆಯನ್ನು ತಿಳಿಗೊಳಿಸುವ ಇಲ್ಲವೆ ಮರೆಮಾಡುವ ಚಿಕಿತ್ಸೆಗಳು ಇಂದು ಇವೆ. ಬೈಯುವುದನ್ನಂತೂ ನಿಲ್ಲಿಸಿರಿ. ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹುಡುಗಿಯರು ಎಷ್ಟು ಊರುಗಳಲ್ಲಿಲ್ಲ!

ಶಾಲೆಯ ರಜೆಯಲ್ಲಿ ಒಂದು ತಿಂಗಳು ಊರಿಗೆ ಹೋಗಿ ಬಂದದ್ದರಿಂದ ಹಲ್ಲು ಕೆಟ್ಟೀತೆಂದು ಯಾರೂ ಹೆದರಬೇಕಾಗಿಲ್ಲ. ಕೇಡು ಮಾಡುವುದು ವರ್ಷಗಟ್ಟಲೆಯ ಸೇವನೆ.

ಮೂಳೆಯ ಮೌನ

ಹಲ್ಲಿನ ಕಲೆ ಕಣ್ಣಿಗಾದರೂ ಬೀಳುತ್ತದೆ. ಮೂಳೆಗೆ ಆಗುವ ಕೇಡು ಮೌನವಾದದ್ದು. ದೇಹದಲ್ಲಿ ಉಳಿದುಕೊಳ್ಳುವ ಫ್ಲೋರೈಡಿನಲ್ಲಿ ನೂರಕ್ಕೆ ೯೯ ಪಾಲು ಸೇರುವುದು ಮೂಳೆಗೆ ಮತ್ತು ಹಲ್ಲಿಗೆ. ಉಳಿದದ್ದನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಆದ್ದರಿಂದ ಮೂತ್ರಪಿಂಡದ ರೋಗವುಳ್ಳವರಿಗೆ ಅಪಾಯ ಹೆಚ್ಚು. ಬೆಳೆಯುವ ಮಕ್ಕಳ ಮೂಳೆಯೂ ದೊಡ್ಡವರ ಮೂಳೆಗಿಂತ ಹೆಚ್ಚು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ.

ಹೀಗೆ ಹತ್ತು ಇಪ್ಪತ್ತು ವರ್ಷ ಕೂಡುತ್ತ ಹೋದಾಗ ಮೂಳೆ ನೋಡಲು ದಪ್ಪವಾಗುತ್ತದೆ, ಆದರೆ ಬಲ ಕುಂದುತ್ತದೆ. ಕೀಲುಗಳನ್ನು ಕಟ್ಟಿದ ತಂತುಗಳು ಸುಣ್ಣಗಟ್ಟಿ ಮೂಳೆಯಂತಾಗುತ್ತವೆ. ಮೊದಲು ಕತ್ತು, ಬೆನ್ನು, ಸೊಂಟ, ಮಂಡಿಗಳಲ್ಲಿ ನೋವು. ಬೆಳಿಗ್ಗೆ ಏಳುವಾಗ ಬಿಗಿತ. ಬಳಿಕ ಕತ್ತು ತಿರುಗಿಸಬೇಕಾದರೆ ಮೈಯೆಲ್ಲ ತಿರುಗಿಸಬೇಕು. ಕೊನೆಯ ಹಂತದಲ್ಲಿ ಬೆನ್ನು ಬಾಗಿ ಹೋಗಿ, ಬೆನ್ನುಹುರಿಯ ಮೇಲೆ ಒತ್ತಡ ಬಿದ್ದು ಕಾಲುಗಳೇ ಸೋಲುವುದುಂಟು. ಲೀಟರಿಗೆ ೩ರಿಂದ ೬ ಮಿಲಿಗ್ರಾಂ ಇರುವ ನೀರನ್ನು ಬಹುಕಾಲ ಕುಡಿದವರಲ್ಲಿ ಮೂಳೆಯ ಫ್ಲೋರೋಸಿಸ್ ಕಾಣಿಸುತ್ತದೆಂದೂ, ೧೦ಕ್ಕೆ ಮೀರಿದರೆ ಮನುಷ್ಯನನ್ನು ಅಂಗವಿಕಲನನ್ನಾಗಿ ಮಾಡುತ್ತದೆಂದೂ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಸುಣ್ಣಗಟ್ಟಿದ್ದನ್ನು ಮತ್ತೆ ಮೊದಲಿನಂತೆ ಮಾಡುವ ಔಷಧಿ ಇಂದಿಗೂ ಇಲ್ಲ.

ಮಕ್ಕಳ ಬುದ್ಧಿಶಕ್ತಿಯ ಮೇಲೆ ಇದರ ಪರಿಣಾಮವೇನೆಂಬ ವಿಚಾರವೂ ಈಗ ನಡೆದಿದೆ. ಲೀಟರಿಗೆ ೧.೫ ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡಿಗೂ ಮಕ್ಕಳ ಬುದ್ಧಿಮಾಪನ ಕೆಳಗಿಳಿಯುವುದಕ್ಕೂ ಸಂಬಂಧ ಕಾಣುತ್ತದೆಂದು, ಮಧ್ಯಮ ಮಟ್ಟದ ಭರವಸೆಯಿಂದ, ಅಮೆರಿಕ ಸರಕಾರದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದವರು ೨೦೨೪ರಲ್ಲಿ ಹೇಳಿದ್ದಾರೆ. ಕೊನೆಯ ಮಾತು ಇನ್ನೂ ಬಂದಿಲ್ಲ. ಎಚ್ಚರಿಕೆಗೆ ಇಷ್ಟು ಸಾಕು.

ಊರಿನಲ್ಲಿರುವ ತಂದೆತಾಯಿಗಳ ವಿಷಯದಲ್ಲಿ ಸಂಶಯವಿದ್ದರೆ ಮನೆಯಲ್ಲೇ ನೋಡಬಹುದಾದ ಮೂರು ಸುಲಭ ಪರೀಕ್ಷೆಗಳುಂಟು. ಮಂಡಿ ಬಗ್ಗಿಸದೆ ಬಾಗಿ ಕಾಲ ಬೆರಳನ್ನು ಮುಟ್ಟುವುದು ಒಂದು. ಗದ್ದವನ್ನು ಎದೆಗೆ ತಾಗಿಸುವುದು ಎರಡು. ಕೈಗಳನ್ನು ಪಕ್ಕಕ್ಕೆ ಚಾಚಿ, ಮಡಚಿ, ತಲೆಯ ಹಿಂಬದಿಯನ್ನು ಮುಟ್ಟುವುದು ಮೂರು. ಇವು ಆಗದಿದ್ದ ಮಾತ್ರಕ್ಕೆ ಅದು ಫ್ಲೋರೈಡೇ ಎಂದು ತೀರ್ಮಾನಿಸಕೂಡದು. ಮುಪ್ಪಿನ ಮಂಡಿನೋವಿಗೆ ಬೇರೆ ನೂರು ಕಾರಣಗಳಿವೆ. ಆದರೆ ಒಂದೇ ಊರಿನಲ್ಲಿ ನಲವತ್ತು ದಾಟಿದವರು ಅನೇಕರು ಹೀಗೆಯೇ ನರಳುತ್ತಿದ್ದು, ಅಲ್ಲಿನ ಮಕ್ಕಳ ಹಲ್ಲಿನಲ್ಲೂ ಕಲೆಯಿದ್ದರೆ, ವೈದ್ಯರಿಗೆ ಆ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕು. ಎಕ್ಸ್‌ರೇ ಚಿತ್ರದಿಂದಲೂ ಮೂತ್ರದ ಪರೀಕ್ಷೆಯಿಂದಲೂ ಅವರು ನಿಜವನ್ನು ತಿಳಿಯಬಲ್ಲರು.

ತೆಲುಗು ನಾಡಿನ ಪಾಠ

ಭಾರತದಲ್ಲಿ ಈ ರೋಗದ ಗುರುತು ಸಿಕ್ಕಿದ್ದು ೧೯೩೭ರಲ್ಲಿ. ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿದ್ದು, ಬಳಿಕ ಪ್ರಕಾಶಂ ಜಿಲ್ಲೆಗೆ ಸೇರಿದ ಹಳ್ಳಿಗಳಲ್ಲಿ ಜನರ ಬೆನ್ನು ಬಿಗಿಯುತ್ತಿದ್ದುದನ್ನು ಶಾರ್ಟ್ ಎಂಬ ವೈದ್ಯರೂ ಅವರ ಸಂಗಡಿಗರೂ ಪರಿಶೀಲಿಸಿ, ಕಾರಣ ಬಾವಿಯ ನೀರಿನ ಫ್ಲೋರೈಡೆಂದು ಬರೆದರು. ೧೯೫೫ರಲ್ಲಿ ಹೈದರಾಬಾದಿನ ವೈದ್ಯ ಸಿದ್ದೀಕಿಯವರು ನಲ್ಗೊಂಡ ಜಿಲ್ಲೆಯ ಸ್ಥಿತಿಯನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೭೩ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು, ಫ್ಲೋರೈಡು ಪೀಡಿತ ಸೀಮೆಯ ಎಳೆಯರಲ್ಲಿ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ವಿಕಾರವನ್ನು ವರದಿ ಮಾಡಿದರು.

ಹೈದರಾಬಾದಿನ ನಮ್ಮ ಕನ್ನಡ ಬಂಧುಗಳಿಗೆ ನಲ್ಗೊಂಡ ದೂರದ ಊರಲ್ಲ. ಬಸ್ಸಿನಲ್ಲಿ ಕೆಲವೇ ತಾಸಿನ ದಾರಿ. ಅಲ್ಲಿನ ಮರ್ರಿಗೂಡ, ಮುನುಗೋಡು ಕಡೆಯ ಹಳ್ಳಿಗಳಲ್ಲಿ ಬಾಗಿದ ಮೈಯ ಜನರನ್ನು ಕಂಡವರು ಆ ನೋಟವನ್ನು ಮರೆಯಲಾರರು. ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನಾ ಸಂಸ್ಥೆ ೧೯೭೦ರ ದಶಕದಲ್ಲಿ ರೂಪಿಸಿದ ನೀರು ಶುದ್ಧಿಯ ಕ್ರಮಕ್ಕೆ 'ನಲ್ಗೊಂಡ ವಿಧಾನ'ವೆಂದೇ ಹೆಸರು. ನೀರಿಗೆ ಸ್ಫಟಿಕ, ಸುಣ್ಣ, ಬ್ಲೀಚಿಂಗ್ ಪುಡಿಗಳನ್ನು ಅಳತೆಯಂತೆ ಹಾಕಿ ಕಲಕಿ ಬಿಟ್ಟರೆ ಗಸಿಯೊಡನೆ ಫ್ಲೋರೈಡು ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಬಳಸುವುದು. ಆದರೂ ಜನರ ಬವಣೆಗೆ ನಿಜವಾದ ಬಿಡುಗಡೆ ಸಿಕ್ಕಿದ್ದು ನದಿಯ ನೀರು ಬಂದಾಗ. ತೆಲಂಗಾಣ ಸರಕಾರದ ಮಿಷನ್ ಭಗೀರಥ ಯೋಜನೆ ೨೦೧೬ರಲ್ಲಿ ಉದ್ಘಾಟನೆಯಾಗಿ, ಕೃಷ್ಣೆ ಗೋದಾವರಿಯರ ನೀರು ಕೊಳವೆಯ ಮೂಲಕ ಹಳ್ಳಿಗಳನ್ನು ಮುಟ್ಟಿತು. ಆ ನೀರು ಕುಡಿದು ಬೆಳೆಯುವ ಮಕ್ಕಳ ಹಲ್ಲು ಉಳಿದೀತು. ಆದರೆ ಅವರ ತಾತಂದಿರ ಬೆನ್ನು ನೆಟ್ಟಗಾಗದು. ರೋಗದ ಗುರುತು ಸಿಕ್ಕಿದಂದಿಗೂ ಒಳ್ಳೆಯ ನೀರು ಬಂದಂದಿಗೂ ನಡುವೆ ಎಷ್ಟು ದಶಕಗಳು ಕಳೆದವೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ. ಅಷ್ಟು ದಶಕಗಳ ಬಾಲ್ಯಗಳು ಅದೇ ಬಾವಿಯ ದಂಡೆಯಲ್ಲಿ ಕಳೆದವು.

ನಮ್ಮೂರಿನಲ್ಲಿ, ನಾವಿರುವ ಊರಿನಲ್ಲಿ

ಕರ್ನಾಟಕದ ಪೂರ್ವ ಮತ್ತು ಉತ್ತರದ ಒಣಸೀಮೆಯೂ ಇದೇ ಶಿಲೆಯ ಮೇಲೆ ಕುಳಿತಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು, ಗದಗ ಮುಂತಾದ ಜಿಲ್ಲೆಗಳ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ತಾಲ್ಲೂಕುಗಳ ಹೆಸರು ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಮಳೆ ಸಮೃದ್ಧವಾಗಿರುವ ಕರಾವಳಿ, ಮಲೆನಾಡುಗಳ ಬಾವಿಗಳಲ್ಲಿ ಈ ತೊಂದರೆ ಸಾಮಾನ್ಯವಾಗಿ ಕಡಮೆ.

'ಹಿಂದೆ ಇಷ್ಟು ಇರಲಿಲ್ಲವಲ್ಲ' ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ಸರಿಯಾದದ್ದೇ. ಹಿಂದೆ ಊರು ಕುಡಿಯುತ್ತಿದ್ದುದು ಕೆರೆಯ ನೀರು, ಕೆರೆಯ ಕೆಳಗಿನ ಸೇದುವ ಬಾವಿಯ ನೀರು. ಅದು ಬಹುಮಟ್ಟಿಗೆ ಆಯಾ ವರ್ಷದ ಮಳೆಯ ನೀರು. ೧೯೭೦ರ ದಶಕದಿಂದೀಚೆಗೆ ಬೋರ್‌ವೆಲ್ಲುಗಳು ಬಂದವು. ಕಾಲರಾ, ನಾರುಹುಣ್ಣುಗಳಂಥ ಪಿಡುಗುಗಳಿಂದ ಜನರನ್ನು ಉಳಿಸುವಲ್ಲಿ ಅವುಗಳ ಉಪಕಾರ ದೊಡ್ಡದು. ಆದರೆ ನೀರು ಇಳಿದ ಹಾಗೆಲ್ಲ ನಾವೂ ಇಳಿದೆವು. ಈಗ ಕೋಲಾರದ ಕಡೆ ಸಾವಿರ ಅಡಿಗೂ ಮಿಕ್ಕಿ ಕೊರೆಯುತ್ತಾರೆ. ಅಷ್ಟು ಆಳದ ನೀರು ಬಂಡೆಯೊಡನೆ ಎಷ್ಟೋ ಕಾಲ ಒಡನಾಡಿದ ನೀರು. ಕೆರೆ ಹೂಳು ತುಂಬಿತು, ಬಾವಿ ಬತ್ತಿತು, ಬೋರ್‌ವೆಲ್ಲು ಆಳವಾಯಿತು, ಫ್ಲೋರೈಡು ಏರಿತು. ಇವೆಲ್ಲ ಒಂದೇ ಸರಪಣಿಯ ಕೊಂಡಿಗಳು.

ನಾವು ವಾಸಿಸುವ ನಗರಗಳ ಮಾತೇನು? ಮುಂಬಯಿಗೆ ತಾನ್ಸಾ, ಭಾತ್ಸಾ, ವೈತರಣಾ ಜಲಾಶಯಗಳ ನೀರು, ಪುಣೆಗೆ ಖಡಕ್‌ವಾಸ್ಲಾ ಕಡೆಯ ನೀರು, ಹೈದರಾಬಾದಿಗೆ ಮಂಜೀರಾ, ಕೃಷ್ಣೆ, ಗೋದಾವರಿಯರ ನೀರು. ಇವೆಲ್ಲ ಮಳೆಯಿಂದ ತುಂಬುವ ಮೇಲ್ಮೈ ನೀರು, ಫ್ಲೋರೈಡಿನ ಭಯ ಕಡಮೆ. ಆದರೆ ನಗರದ ಅಂಚಿನ ಹೊಸ ಬಡಾವಣೆಗಳಲ್ಲಿ ಬೋರ್‌ವೆಲ್ಲಿನ ಮೇಲೋ, ಎಲ್ಲಿಂದಲೋ ತುಂಬಿ ತರುವ ಟ್ಯಾಂಕರಿನ ಮೇಲೋ ಅವಲಂಬಿಸಿದವರಿಗೆ ಆ ನಿಶ್ಚಿಂತೆಯಿಲ್ಲ. ದೆಹಲಿಯ ಕೆಲವು ಭಾಗಗಳ ಅಂತರ್ಜಲದಲ್ಲೂ, ಮಹಾರಾಷ್ಟ್ರದ ಯವತಮಾಳ, ಚಂದ್ರಪುರ, ನಾಂದೇಡ ಕಡೆಯೂ ಫ್ಲೋರೈಡು ಹೆಚ್ಚಿದೆ. ತಮಿಳುನಾಡಿನ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ಕನ್ನಡ ಮನೆಮಾತಿನವರು ತಲೆತಲಾಂತರದಿಂದ ಇದ್ದಾರೆ. ಅಲ್ಲಿನ ಬಾವಿಗಳಲ್ಲೂ ಇದೇ ಪೀಡೆ. ಅದಕ್ಕಾಗಿಯೇ ಹೊಗೇನಕಲ್ಲಿನಿಂದ ಕಾವೇರಿಯ ನೀರನ್ನು ಒಯ್ಯುವ ಯೋಜನೆಯಾಗಿ, ೨೦೧೩ರಲ್ಲಿ ಬಳಕೆಗೆ ಬಂದಿತು.

ಪರೀಕ್ಷೆಯೊಂದೇ ಸಾಕ್ಷಿ

ಕಣ್ಣು, ನಾಲಗೆ ಹೇಳಲಾರದ್ದನ್ನು ಪ್ರಯೋಗಾಲಯ ಹೇಳುತ್ತದೆ. ಒಂದೇ ಊರಿನ ಎರಡು ಬೋರ್‌ವೆಲ್ಲುಗಳಲ್ಲಿ ಒಂದು ಒಳ್ಳೆಯದಾಗಿ ಇನ್ನೊಂದು ಕೆಟ್ಟದಾಗಿರಬಹುದು. ಆದ್ದರಿಂದ ನೆರೆಮನೆಯ ಪರೀಕ್ಷೆ ನಮ್ಮ ಮನೆಗೆ ಆಗದು. ಒಂದು ಲೀಟರಿನ ಚೊಕ್ಕಟವಾದ ಪ್ಲಾಸ್ಟಿಕ್ ಸೀಸೆಯನ್ನು ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದು, ಪಂಪು ಕೆಲವು ನಿಮಿಷ ಓಡಿದ ಮೇಲೆ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ ಕೊಡಬೇಕು. ಫ್ಲೋರೈಡು ಗಾಜಿನೊಡನೆ ವರ್ತಿಸುವುದರಿಂದ ಗಾಜಿನ ಸೀಸೆ ಬೇಡ. ಜಿಲ್ಲೆಗಳಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಿವೆ. ೨೦೧೯ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಯೋಜನೆಯಲ್ಲಿ ಹಳ್ಳಿಗೆ ಐವರು ಹೆಂಗಸರಿಗೆ ನೀರು ಪರೀಕ್ಷೆಯ ಪೆಟ್ಟಿಗೆ ಬಳಸಲು ಕಲಿಸಬೇಕೆಂಬ ಏರ್ಪಾಡೂ ಉಂಟು. ಪಂಚಾಯಿತಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಕಾಲ ಬದಲಾದಂತೆ ನೀರಿನ ಗುಣವೂ ಬದಲಾಗುತ್ತದೆ. ಬೇಸಗೆಯಲ್ಲೊಮ್ಮೆ, ಮಳೆಗಾಲದ ಬಳಿಕ ಒಮ್ಮೆ ನೋಡಿಸುವುದು ಉತ್ತಮ.

ಏನು ಮಾಡಬೇಕು, ಏನು ಮಾಡಬಾರದು

ನೀರನ್ನು ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡು ಸಾಯುವುದಿಲ್ಲ. ನೀರು ಆವಿಯಾಗಿ ಇಳಿದಷ್ಟೂ ಉಳಿದ ನೀರಿನಲ್ಲಿ ಅದು ಇನ್ನೂ ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಮೇಣದಬತ್ತಿಯಾಕಾರದ ಪಿಂಗಾಣಿ ಫಿಲ್ಟರು, ನೀಲಿ ದೀಪದ ಯಂತ್ರ ಇವಾವುವೂ ಅದನ್ನು ತಡೆಯವು.

ತಡೆಯುವುದು ಆರ್.ಓ. ಯಂತ್ರ, ಇಲ್ಲವೆ ಆಕ್ಟಿವೇಟೆಡ್ ಅಲ್ಯುಮಿನಾ ಎಂಬ ಹರಳಿನ ಫಿಲ್ಟರು. ಎರಡಕ್ಕೂ ಕಾಲಕಾಲಕ್ಕೆ ಆರೈಕೆ ಬೇಕು. ಪೊರೆ ಬದಲಿಸದ, ಹರಳು ತೊಳೆಯದ ಯಂತ್ರ ಬರಿಯ ಅಲಂಕಾರ. ಕರ್ನಾಟಕದ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಕೊಳ್ಳುವ ಶುದ್ಧ ನೀರಿನ ಘಟಕಗಳು ಈಗ ಸಾಮಾನ್ಯ. ಆದರೆ ಕ್ಯಾನಿನ ನೀರನ್ನು ಕುಡಿಯಲು ಮಾತ್ರ ಇಟ್ಟು, ಅನ್ನ ಸಾರಿಗೆ ಬೋರ್‌ವೆಲ್ಲಿನ ನೀರನ್ನೇ ಸುರಿಯುವ ಮನೆಗಳು ಬಹಳ. ಅಕ್ಕಿ, ಬೇಳೆ ಹೀರಿದ ನೀರು ಹೊಟ್ಟೆಗೇ ಹೋಗುತ್ತದಲ್ಲವೆ? ಕುಡಿಯಲು ಹೇಗೋ ಅಡುಗೆಗೂ ಹಾಗೆಯೇ ಶುದ್ಧ ನೀರು ಬೇಕು. ಸ್ನಾನಕ್ಕೆ, ಪಾತ್ರೆ ಬಟ್ಟೆಗಳಿಗೆ ಬೋರ್‌ವೆಲ್ಲಿನ ನೀರು ಧಾರಾಳವಾಗಿ ಆದೀತು.

ಇವೆಲ್ಲಕ್ಕಿಂತ ನಿರಾಯಾಸವಾದ ಒಳ್ಳೆಯ ನೀರು ಆಕಾಶದಿಂದ ಬೀಳುತ್ತದೆ. ಮಳೆನೀರಿನಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಕಡಮೆ. ಒಂದು ಲೆಕ್ಕ ನೋಡಿರಿ. ೪೦ ಚದರ ಮೀಟರಿನ ಮಾಳಿಗೆ, ವರ್ಷಕ್ಕೆ ೫೦೦ ಮಿಲಿಮೀಟರು ಮಳೆ ಎಂದಿಟ್ಟುಕೊಂಡರೆ ಬೀಳುವ ನೀರು ೨೦,೦೦೦ ಲೀಟರು. ಸೋರಿ ಹೋದದ್ದು ಕಳೆದು ೧೬,೦೦೦ ಲೀಟರಾದರೂ ಕೈಗೆ ಸಿಕ್ಕೀತು. ಐವರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ ೨೫ ಲೀಟರಿನಂತೆ ವರ್ಷಕ್ಕೆ ಬೇಕಾದದ್ದು ೯,೧೨೫ ಲೀಟರು. ಅಂದರೆ ಬರಸೀಮೆಯ ಮಾಳಿಗೆಯೂ ಮನೆಯ ದಾಹಕ್ಕೆ ಸಾಕು! ಎಂಟು ತಿಂಗಳ ಒಣಗಾಲಕ್ಕೆ ೬,೦೦೦ ಲೀಟರಿನ ಮುಚ್ಚಿದ ತೊಟ್ಟಿ ಸಾಲುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಹೊರಕ್ಕೆ ಬಿಟ್ಟು, ಮರಳು ಇದ್ದಿಲಿನಲ್ಲಿ ಸೋಸಿ ತುಂಬಿ, ಕುಡಿಯುವ ಮೊದಲು ಕುದಿಸಿದರಾಯಿತು. ಇಲ್ಲಿ ಕುದಿಸುವುದು ಸರಿಯಾದ ಕೆಲಸ.

ಆಹಾರದ ಮಾತೂ ಇದೆ. ಸುಣ್ಣದ ಅಂಶವುಳ್ಳ ಆಹಾರ ಹೊಟ್ಟೆಯಲ್ಲಿ ಫ್ಲೋರೈಡನ್ನು ಹಿಡಿದುಕೊಂಡು, ಅದು ರಕ್ತಕ್ಕೆ ಸೇರುವುದನ್ನು ಒಂದಿಷ್ಟು ತಡೆಯುತ್ತದೆ. ನಮ್ಮ ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. 'ಹಳ್ಳಿಯ ಊಟ'ವೆಂದು ನಗರದಲ್ಲಿ ಮರೆತ ರಾಗಿಮುದ್ದೆ, ಅಂಬಲಿಗಳನ್ನು ಮತ್ತೆ ನೆನೆಯೋಣ. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು, ನೆಲ್ಲಿಕಾಯಿ ಎಲ್ಲವೂ ಹಿತ. ಚಹಾ ಸೊಪ್ಪು ತಾನೇ ಫ್ಲೋರೈಡನ್ನು ಕೂಡಿಟ್ಟುಕೊಳ್ಳುವ ಗಿಡ. ಫ್ಲೋರೈಡು ನೀರಿನ ಊರಿನಲ್ಲಿ ದಿನಕ್ಕೆ ಆರೇಳು ಲೋಟ ಕಡು ಚಹಾ ಒಳ್ಳೆಯದಲ್ಲ. ಎದೆಹಾಲಿನಲ್ಲಿ ಫ್ಲೋರೈಡು ತೀರ ಅಲ್ಪ. ಮೊದಲ ಆರು ತಿಂಗಳು ತಾಯಿಯ ಹಾಲನ್ನೇ ಕೊಡುವುದು ಹಸುಳೆಯ ಹಲ್ಲಿಗೂ ರಕ್ಷೆ. ಇಂಥ ನೀರಿನಲ್ಲಿ ಪುಡಿಹಾಲು ಕಲಸಿ ಕೊಡಕೂಡದು. ಪುಟ್ಟ ಮಕ್ಕಳಿಗೆ ಟೂತ್‌ಪೇಸ್ಟು ಬಟಾಣಿ ಕಾಳಿಗಿಂತ ಹೆಚ್ಚು ಬೇಡ, ನುಂಗಲೂ ಬಿಡಬಾರದು. ಆದರೆ ಆಹಾರವೇ ಔಷಧಿಯೆಂದು ನೀರನ್ನು ಮರೆಯಬೇಡಿರಿ. ಕೆಟ್ಟ ನೀರು ಕುಡಿಯುತ್ತಲೇ ಇದ್ದು ರಾಗಿ ತಿಂದರೆ ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ದೂರದಲ್ಲಿರುವ ನಮ್ಮ ಪಾಲು

ಕೆರೆ ಕಟ್ಟಿಸುವುದನ್ನೂ ಬಾವಿ ತೋಡಿಸುವುದನ್ನೂ ನಮ್ಮ ಹಿರಿಯರು ದೊಡ್ಡ ಪುಣ್ಯವೆಂದು ಎಣಿಸಿದರು. ಆ ಸಂಸ್ಕಾರ ನಮ್ಮಲ್ಲಿ ಇನ್ನೂ ಹೋಗಿಲ್ಲ. ಊರು ಬಿಟ್ಟು ದುಡಿಯುವ ನಾವು ನಾಲ್ಕು ಕಾಸು ಉಳಿದರೆ ಮೊದಲು ಯೋಚಿಸುವುದು ಊರಿನ ಮನೆಗೆ ಬೋರ್‌ವೆಲ್ಲು ಕೊರೆಸುವುದನ್ನು, ದೇವಸ್ಥಾನದ ಮುಂದೆ ನೀರಿನ ಟ್ಯಾಂಕಿ ಕಟ್ಟಿಸುವುದನ್ನು. ಲಕ್ಷಗಟ್ಟಲೆ ಹಣ ಹೋಗುತ್ತದೆ. ನೀರು ಚಿಮ್ಮಿದಾಗ ತೆಂಗಿನಕಾಯಿ ಒಡೆದು, ಆ ಚಿತ್ರವನ್ನು ಮೊಬೈಲಿನಲ್ಲಿ ನಮಗೆ ಕಳಿಸುತ್ತಾರೆ. ನಮಗೂ ಕಣ್ಣು ತುಂಬಿ ಬರುತ್ತದೆ. ಆದರೆ ಆ ನೀರನ್ನು ಪರೀಕ್ಷೆಗೆ ಕೊಟ್ಟಿರಾ ಎಂದು ಕೇಳುವವರು ಎಷ್ಟು ಮಂದಿ? ಪರೀಕ್ಷೆಗೆ ತಗಲುವುದು ಕೊರೆಸಿದ ಖರ್ಚಿನ ಮುಂದೆ ಏನೇನೂ ಅಲ್ಲ. ಪರೀಕ್ಷೆಯಿಲ್ಲದ ಬೋರ್‌ವೆಲ್ಲು ನಾವು ಪ್ರೀತಿಯಿಂದ ಕೊಟ್ಟ ದಾನ, ಆದರೆ ಅದನ್ನು ಕುಡಿಯುವವರು ನಮ್ಮ ತಾಯಿತಂದೆಗಳು, ನಮ್ಮ ಅಣ್ಣತಮ್ಮಂದಿರ ಮಕ್ಕಳು.

ನಮ್ಮ ಸಂಘಗಳೂ ಇದರಲ್ಲಿ ಕೈಗೂಡಿಸಬಹುದು. ರಜೆಯಲ್ಲಿ ಊರಿಗೆ ಹೊರಡುವ ಸದಸ್ಯರೆಲ್ಲರೂ ತಮ್ಮ ಮನೆಯ, ತಮ್ಮೂರ ಶಾಲೆಯ ನೀರಿನ ಮಾದರಿಯನ್ನು ಜಿಲ್ಲೆಯ ಪ್ರಯೋಗಾಲಯಕ್ಕೆ ಕೊಟ್ಟು ಬರಲಿ. ಫಲಿತಾಂಶ ೧.೫ಕ್ಕೆ ಮೀರಿದ್ದರೆ ಆ ಕಾಗದವನ್ನು ಪಂಚಾಯಿತಿಗೆ ತಲಪಿಸಿ, ಬೇರೆ ನೀರು ಕೇಳಲಿ. ಬರಿಯ ದೂರಿಗೆ ಬೆಲೆಯಿಲ್ಲದ ಕಡೆ ಅಂಕಿಗೆ ಬೆಲೆಯುಂಟು. ಇನ್ನೊಂದು ಬೋರ್‌ವೆಲ್ಲಿಗೆ ಹಣ ಕೂಡಿಸುವ ಮೊದಲು, ಆ ಹಣದಲ್ಲಿ ಶಾಲೆಯ ಮಾಳಿಗೆಗೆ ಮಳೆನೀರಿನ ತೊಟ್ಟಿಯಾದೀತೇ, ಕೆರೆಯ ಹೂಳು ತೆಗೆಸಲಾದೀತೇ ಎಂದು ಊರವರೊಡನೆ ಕುಳಿತು ಯೋಚಿಸೋಣ.

ಮುಂದಿನ ಬಾರಿ ಊರಿಗೆ ಹೊರಡುವಾಗ ಸಿಹಿತಿಂಡಿ, ಬಟ್ಟೆಗಳ ಜೊತೆಗೆ ಚೀಲದಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಸೀಸೆಯನ್ನೂ ಇಟ್ಟುಕೊಳ್ಳಿರಿ. ಊರಿನ ನಾಳೆಯ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿಯದೆ ನಗಬೇಕಾದರೆ ಅಷ್ಟು ಹೊರೆಯನ್ನು ನಾವು ಹೊರಲೇಬೇಕು.